ಒಂದು ಜಾಡಿಗೆ ಎರಡು ಮಾರ್ಕು

ಬೀಚ್ ಫೋರ್ಕ್‌ನಲ್ಲಿ ಡೆಲ್ಮರ್ ಸ್ಟಿಡಮ್ ಮೇಷ್ಟ್ರನ್ನು ಬೈದವರು ಬಹಳ ವರ್ಷ ಯಾರೂ ಇರಲಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ನಮ್ಮ ಕಣಿವೆಯಲ್ಲಿ ಪಾದ್ರಿಯನ್ನೂ ಬೈಯುತ್ತಾರೆ, ಮಣ್ಣಾದವರನ್ನೂ ಬೈಯುತ್ತಾರೆ. ಇಂಥ ಊರಲ್ಲಿ ಒಬ್ಬನನ್ನು ಯಾರೂ ಬೈಯುವುದಿಲ್ಲ ಅಂದರೆ ಅವನು ಯಾರಿಗೂ ಯಾವತ್ತೂ 'ಇಲ್ಲ' ಅಂದಿಲ್ಲ ಅಂತ ಅರ್ಥ, ಅಷ್ಟೆ.

ಡೆಲ್ಮರನ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಎದೆಯೊಳಗೆ ಅದೇ ಕರಿ ಧೂಳು ತುಂಬಿಕೊಂಡು, ಕೆಮ್ಮಿ ಕೆಮ್ಮಿ ಸತ್ತ. ಸಾಯುವ ಮುಂಚೆ ಮಗನಿಂದ ಒಂದೇ ಮಾತು ತೆಗೆದುಕೊಂಡಿದ್ದ, ಗಣಿಗೆ ಇಳಿಯುವುದಿಲ್ಲ ಅಂತ. ಡೆಲ್ಮರ್ ಇಳಿಯಲಿಲ್ಲ. ಬೆಟ್ಟದಾಚೆ ಹೋಗಿ ಗಣಿತ ಓದಿ, ವಾಪಸು ಬಂದು ಊರಿನ ಹೈಸ್ಕೂಲಿನಲ್ಲೇ ಮೇಷ್ಟ್ರಾದ. ಓದಿದವರು ಬೆಟ್ಟ ದಾಟಿದರೆ ತಿರುಗಿ ನೋಡದ ಊರಿನಲ್ಲಿ ವಾಪಸು ಬಂದದ್ದೇ ಅವನ ದೊಡ್ಡ ಸಾಧನೆ. ಅವನು ಗಣಿಗೆ ಇಳಿಯದ್ದನ್ನು ಜನ ಕ್ಷಮಿಸಿದ್ದೂ ಅದಕ್ಕೇ.

ಜಾಡಿಯ ಪದ್ಧತಿ ಶುರುವಾದದ್ದು ಗಣಿ ಮುಚ್ಚಿದ ವರ್ಷ. ಹೆಂಡತಿ ಅರ್ಲೀನ್ ಚರ್ಚಿನ ನೆಲಮಾಳಿಗೆಯಲ್ಲಿ ದಿನಸಿ ಕೋಣೆ ನಡೆಸುತ್ತಿದ್ದಳು. ಇಲ್ಲದವರು ಬಂದು ತೆಗೆದುಕೊಂಡು ಹೋಗಲಿ ಅಂತ. ಆ ವರ್ಷ ಬರುವವರು ಹೆಚ್ಚಾದರು, ಕೊಡುವವರು ಇಲ್ಲವಾದರು, ಕಪಾಟು ಬರಿದಾಯಿತು. ಆಗ ಮೇಷ್ಟ್ರು ತರಗತಿಯಲ್ಲಿ ಸಾರಿದ: ಮನೆಯಿಂದ ಒಂದು ಡಬ್ಬಿಯೋ ಜಾಡಿಯೋ ತಂದರೆ ಎರಡು ಮಾರ್ಕು. ಮಕ್ಕಳು ಬೀನ್ಸ್ ತಂದರು, ಪೀಚ್ ಹಣ್ಣು ತಂದರು, ಅಜ್ಜಿಯರು ಹಾಕಿಟ್ಟ ಉಪ್ಪಿನಕಾಯಿ ತಂದರು. ಏನೂ ಇಲ್ಲದ ಮನೆಯ ಮಗುವಿನ ಚೀಲಕ್ಕೆ ಮೇಷ್ಟ್ರೇ ಒಂದು ಜಾಡಿ ತುರುಕಿ, ಎಲ್ಲರೆದುರು 'ಭೇಷ್' ಅಂದು ಈಸಿಕೊಳ್ಳುತ್ತಿದ್ದ. ಹೆಡ್‌ಮಾಸ್ಟರಿಗೂ ಗೊತ್ತಿತ್ತು. ಪಕ್ಕದ ತರಗತಿಯ ಇಂಗ್ಲಿಷ್ ಟೀಚರು ಮೂಗೊರೆಸುವ ಕಾಗದದ ಡಬ್ಬಿಗೆ ಮಾರ್ಕು ಕೊಡುತ್ತಿದ್ದಳು, ಇತಿಹಾಸದವನು ರಕ್ತದಾನಕ್ಕೆ ಕೊಡುತ್ತಿದ್ದ. ಹೈಸ್ಕೂಲಿನ ಮಾರ್ಕು ಅಂದರೆ ಊರೊಳಗೆ ಓಡಾಡುವ ಚಿಲ್ಲರೆ. ಅದರಿಂದ ಒಬ್ಬರ ಹೊಟ್ಟೆ ತುಂಬಿದರೆ ಯಾರ ಗಂಟೂ ಹೋಗುವುದಿಲ್ಲ ಅಂತ ಎಲ್ಲರೂ ತಿಳಿದಿದ್ದರು. ಅದರಲ್ಲಿ ತಪ್ಪೂ ಇರಲಿಲ್ಲ, ಬೇಸಿಗೆ ಕಾಲೇಜು ಬರುವ ತನಕ.

ಜಿಲ್ಲೆಯ ಕಮ್ಯುನಿಟಿ ಕಾಲೇಜು ಹಳೆಯ ಗಣಿ ಕಂಪನಿಯ ಅಂಗಡಿ ಕಟ್ಟಡವನ್ನು ಹಿಡಿದು, ಒಂದು ಶಾಖೆ ತೆರೆಯಿತು. ಹೈಸ್ಕೂಲಿನ ಮಕ್ಕಳು ಬೇಸಿಗೆ ರಜೆಯಲ್ಲಿ ಅಲ್ಲಿ ಕೂತು ಕಾಲೇಜಿನ ಮೊದಲ ವರ್ಷದ ಒಂದು ಪಾಠ ಮುಗಿಸಬಹುದು. ಇಲ್ಲಿ ಪಾಸಾದರೆ ಅದರ ಕ್ರೆಡಿಟ್ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಅಲ್ಲಿ ಅದನ್ನು ಮತ್ತೆ ಓದಬೇಕಿಲ್ಲ, ನೇರ ಮುಂದಿನ ಪಾಠಕ್ಕೆ ಕೂರಬಹುದು. ಗಣಿತ ಹೇಳಿಕೊಡಲು ಕರೆದದ್ದು ಸ್ಟಿಡಮ್ ಮೇಷ್ಟ್ರನ್ನು. ಇನ್ನಾರನ್ನು ಕರೆದಾರು, ಊರಲ್ಲಿ ಆ ಗಣಿತ ಬರುತ್ತಿದ್ದದ್ದೇ ಅವನಿಗೆ. ಮೊದಲ ದಿನವೇ ಹುಡುಗರು ಕೇಳಿದರು, ಜಾಡಿ ನಡೆಯುತ್ತಾ ಅಂತ. ಅವನು ನಕ್ಕು, ನಡೆಯುತ್ತೆ ಅಂದ. ಈ ಮಾರ್ಕು ಬೆಟ್ಟ ದಾಟುವ ಮಾರ್ಕು ಅಂತ ಅವನ ತಲೆಗೆ ಗೊತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಬಾಯಿ ತನ್ನ ಅಭ್ಯಾಸದಂತೆ ಹೂಂ ಅಂದುಬಿಟ್ಟಿತು.

ಹಾಗೆ ಕೆಲವು ಬೇಸಿಗೆ ಏನೂ ಆಗದೆ ಕಳೆದವು. ಆಮೇಲೆ ಬಂದವಳು ಲೀಟಾ ಕಾಡಿಲ್.

ಲೀಟಾ ಚುರುಕು ಹುಡುಗಿ. ಮೇಷ್ಟ್ರು ಒಂದು ಲೆಕ್ಕ ಬರೆದು ತಿರುಗುವಷ್ಟರಲ್ಲಿ ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಹೇಳುವವಳು. ಅವಳಿಗೆ ಇಂಜಿನಿಯರ್ ಆಗಬೇಕಿತ್ತು, ಸೇತುವೆ ಕಟ್ಟಬೇಕಿತ್ತು. ಪ್ರತಿ ಮಳೆಗೂ ಅವರ ಮನೆ ಮುಂದಿನ ಮರದ ಸೇತುವೆ ಕೊಚ್ಚಿ ಹೋಗುತ್ತಿತ್ತು, ಅದರ ಮೇಲಿನ ಸಿಟ್ಟಿಗೇ ಇರಬೇಕು. ಬೇಸಿಗೆ ಕಾಲೇಜಿನ ನಡುವೆ ಅವಳ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. ತಾಯಿ ಇಲ್ಲದ ಮನೆ, ತಂದೆ ಲಾರಿಯ ಮೇಲೆ ದೂರ ಊರುಗಳಲ್ಲಿ, ತಂಗಿ ಟೆಸ್ಸಾ ಇನ್ನೂ ಚಿಕ್ಕವಳು. ಆಸ್ಪತ್ರೆಗೂ ಮನೆಗೂ ಓಡಾಡಿದವಳು ಲೀಟಾ. ಅಷ್ಟರಲ್ಲಿ ತರಗತಿ ಲಾಗರಿದಮ್ ಮುಗಿಸಿ ತ್ರಿಕೋನಮಿತಿಗೂ ಹೋಗಿ ಬಂದಿತ್ತು. ಬೇಸಿಗೆಯ ತರಗತಿ ಹಾಗೆಯೇ, ಒಂದು ವಾರ ಕಣ್ಣು ಮುಚ್ಚಿದರೆ ಒಂದು ತಿಂಗಳ ಪಾಠ ಹೋದ ಲೆಕ್ಕ.

ಕೊನೆಗೆ ಅವಳಿಗೆ ಬಂದ ಮಾರ್ಕು ಪಾಸಿಗೆ ಹತ್ತು ಕಡಿಮೆ. ಅವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಮೇಷ್ಟ್ರಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ತಪ್ಪಿದ್ದು ಎರಡೇ ಅಧ್ಯಾಯ. ಒಂದು ವಾರ ಎದುರಿಗೆ ಕೂರಿಸಿಕೊಂಡಿದ್ದರೆ ಕಲಿತುಬಿಡುತ್ತಿದ್ದಳು. ಆದರೆ ಆ ವಾರ ಅವನು ತಂಗಿಯ ಗಂಡನ ಜೊತೆ ಕೆರೆಗೆ ಮೀನು ಹಿಡಿಯಲು ಹೋಗಬೇಕಿತ್ತು, ಮೈಯೂ ದಣಿದಿತ್ತು. ಅಜ್ಜಿ ಹಾಕಿಟ್ಟಿದ್ದ ಬೀನ್ಸ್ ಜಾಡಿಗಳನ್ನು ಲೀಟಾ ಬೇಸಿಗೆಯುದ್ದಕ್ಕೂ ತಂದುಕೊಟ್ಟಿದ್ದಳು. ಅವನು ಆ ಜಾಡಿಗಳ ಮಾರ್ಕು ಕೂಡಿಸಿದ, ಅವಳನ್ನು ದಾಟಿಸಿದ, ಮೀನು ಹಿಡಿಯಲು ಹೋದ. ಪಾಠ ಹೇಳುವುದಕ್ಕಿಂತ ಮಾರ್ಕು ಕೊಡುವುದು ಯಾವತ್ತೂ ಸುಲಭ. ಅದಕ್ಕೆ ನಾವು ಕರುಣೆ ಅಂತ ಹೆಸರಿಟ್ಟುಕೊಂಡಿದ್ದೇವೆ.

ಲೀಟಾಗೆ ಈ ಕೂಡಿಕೆ ತಿಳಿಯಲಿಲ್ಲ. ಜಾಡಿಗಳಿಂದ ಒಂದೆರಡು ಮಾರ್ಕು ಮೇಲೇರಿರಬಹುದು ಅಂದುಕೊಂಡಿದ್ದಳೇ ಹೊರತು, ಜಾಡಿಗಳೇ ತನ್ನನ್ನು ಹೊತ್ತು ದಾಟಿಸಿವೆ ಅಂತಲ್ಲ. ಪಾಸಾದ ಸುದ್ದಿ ಕೇಳಿ ಅಜ್ಜಿ ಹಾಸಿಗೆಯ ಮೇಲಿಂದಲೇ ಬೀದಿಗೆ ಕೇಳುವಂತೆ ಹಾಡಿದಳಂತೆ.

ಲೀಟಾ ಬೆಟ್ಟ ದಾಟಿ ವಿಶ್ವವಿದ್ಯಾಲಯಕ್ಕೆ ಹೋದಳು. ಕ್ರಿಸ್‌ಮಸ್ ಹೊತ್ತಿಗೆ ಊರಿಗೆ ಬಂದಳು. ಹೊಸ ವರ್ಷ ಕಳೆದರೂ ವಾಪಸು ಹೋಗಲಿಲ್ಲ. ಹೆದ್ದಾರಿ ಬಳಿಯ ಅಗ್ಗದ ಸಾಮಾನಿನ ಅಂಗಡಿಯಲ್ಲಿ ಹಾಲು ಕೊಳ್ಳಲು ಹೋದ ಮೇಷ್ಟ್ರಿಗೆ ಗಲ್ಲಾದ ಹಿಂದೆ ಅವಳೇ ಸಿಕ್ಕಳು. ಏನಾಯಿತಮ್ಮ ಅಂತ ಕೇಳಿದ. ಅವಳು ನಗುನಗುತ್ತಲೇ ಹೇಳಿದಳು. ಇಲ್ಲಿ ಪಾಸಾಗಿದ್ದರಿಂದ ಅಲ್ಲಿ ಅವಳನ್ನು ನೇರ ಕಲನಶಾಸ್ತ್ರಕ್ಕೆ ಕೂರಿಸಿದರಂತೆ. ಮೊದಲ ದಿನ ಪ್ರೊಫೆಸರು ಹಲಗೆಯ ಮೇಲೆ ಬರೆದದ್ದು ಅವಳು ಕಂಡೇ ಇಲ್ಲದ ವಿಷಯವಂತೆ. ಸುತ್ತ ನೋಡಿದರೆ ಎಲ್ಲರೂ ತಲೆಯಾಡಿಸುತ್ತಿದ್ದರಂತೆ. ಕೆಳಗಿನ ತರಗತಿಗೆ ಕಳಿಸಿ ಅಂತ ಕೇಳಿದ್ದಕ್ಕೆ, ಅದು ನಿನ್ನದು ಮುಗಿದಿದೆಯಲ್ಲ, ಮುಗಿದದ್ದಕ್ಕೆ ವಿದ್ಯಾರ್ಥಿವೇತನ ಕೊಡುವುದಿಲ್ಲ ಅಂದರಂತೆ. ಅಲ್ಲಿಗೆ ಮುಗಿಯಿತು.

"ಇಲ್ಲಿನ ಬುದ್ಧಿ ಬೆಟ್ಟ ದಾಟೋ ಹೊತ್ತಿಗೆ ಸೋರಿಹೋಗುತ್ತೆ ಮೇಷ್ಟ್ರೇ," ಅಂದಳು. "ನನ್ನ ತಲೆ ಅಷ್ಟೇ ಅಂತ ಕಾಣುತ್ತೆ. ಚೀಲ ಬೇಕಾ?"

ಅವನು ಹಾಲು ಹಿಡಿದು ಹೊರಗೆ ಬಂದ. ಮನೆಗೆ ಬಂದು ಅರ್ಲೀನಳಿಗೆ ಎಲ್ಲ ಹೇಳಿದ. ಅವಳು ಸಮಾಧಾನ ಹೇಳುವ ಪೈಕಿ ಅಲ್ಲ.

"ಹಸಿದವರಿಗೆ ಬೀನ್ಸ್ ಕೊಟ್ಟಿದ್ದು ಪಾಪ ಅಲ್ಲ, ಡೆಲ್ಮರ್," ಅಂದಳು. "ಬೀನ್ಸ್ ಜಾಡಿಗೆ ಗಣಿತ ಅಂತ ಚೀಟಿ ಅಂಟಿಸಿದೆಯಲ್ಲ, ಅದು ಪಾಪ. ಹೋಗಿ ಆ ಹುಡುಗಿಗೆ ಹೇಳು."

ಹೇಳುತ್ತೇನೆ ಅಂದ. ಮುಂದಿನ ಬೇಸಿಗೆಯಿಂದ ಜಾಡಿ ನಿಲ್ಲಿಸಿದ. ಲೀಟಾಗೆ ಮಾತ್ರ ಹೇಳಲಿಲ್ಲ. ವಾರಕ್ಕೆ ಎರಡು ಸಲ ಅವಳ ಕೈಯಿಂದಲೇ ಹಾಲು ಕೊಂಡ, ಇವತ್ತು ಹೇಳೋಣ ಅಂತ ಹೋಗಿ ಹವಾಮಾನದ ಮಾತಾಡಿ ಬಂದ. ಹೀಗೆ ವರ್ಷಗಳೇ ಹೋದವು. ಅಜ್ಜಿ ತೀರಿಕೊಂಡಳು. ಲೀಟಾ ಅಂಗಡಿಯ ಮೇಲ್ವಿಚಾರಕಿಯಾದಳು, ಅಂದರೆ ಬೀಗದ ಕೈ ಅವಳ ಸೊಂಟಕ್ಕೆ ಬಂತು, ಸಂಬಳ ಹಾಗೇ ಉಳಿಯಿತು. ಯಾರಾದರೂ ಕಾಲೇಜಿನ ಮಾತೆತ್ತಿದರೆ ಅವಳೇ ಮೊದಲು ತನ್ನ ದಡ್ಡತನದ ಜೋಕು ಹೇಳಿ ನಗಿಸುತ್ತಿದ್ದಳು.  ಒಂದು ಮಾತು ಹೇಳಿದರೆ ಅವಳ ತಲೆಯ ಮೇಲಿನ ಆ ಭಾರ ಇಳಿಯುತ್ತದೆ ಅಂತ ಮೇಷ್ಟ್ರು ದೃಢವಾಗಿ ನಂಬಿದ್ದ. ನಂಬಿಕೊಂಡೇ ಸುಮ್ಮನಿದ್ದ.

ಕಳೆದ ಬೇಸಿಗೆ ಅದೇ ಬೆಂಚಿನ ಮೇಲೆ ಟೆಸ್ಸಾ ಬಂದು ಕೂತಳು. ಅಕ್ಕನದೇ ಮೂಗು, ಅಕ್ಕನದೇ ಹಟ. ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಬೆಟ್ಟದ ಮಕ್ಕಳಿಗೆಂದು ಇಟ್ಟ ವಿದ್ಯಾರ್ಥಿವೇತನ ಅವಳಿಗೆ ಸಿಕ್ಕಿತ್ತು. ಷರತ್ತು ಒಂದೇ, ಬೇಸಿಗೆ ಕಾಲೇಜಿನ ಗಣಿತ ಪಾಸಾಗಿರಬೇಕು. ಪಾಸಾದರೆ ನಾಲ್ಕು ವರ್ಷದ ಓದು, ಊಟ, ವಸತಿ ಎಲ್ಲ ಅವರದೇ. ಇಲ್ಲವಾದರೆ ಏನೂ ಇಲ್ಲ.

ಈ ಸಲ ಮೇಷ್ಟ್ರು ಮೀನು ಹಿಡಿಯಲು ಹೋಗಲಿಲ್ಲ. ತರಗತಿ ಮುಗಿದ ಮೇಲೆ ದಿನವೂ ಉಳಿ, ಹೇಳಿಕೊಡುತ್ತೇನೆ ಅಂದ. ಟೆಸ್ಸಾ ಕೆಲವು ದಿನ ಉಳಿದಳು, ಆಮೇಲೆ ಬಿಟ್ಟಳು. ಮಧ್ಯಾಹ್ನ ಅಕ್ಕನ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದ್ದಳು, ಊರು ಬಿಡುವಾಗ ಕೈ ಬರಿದಾಗಿ ಹೋಗಬಾರದು ಅಂತ. ಹೆಸರು ಹಿಂತೆಗೆದುಕೊಳ್ಳಲು ಕಡೆಯ ದಿನ ಹತ್ತಿರವಾದಾಗ ಅವನು ಅವಳನ್ನು ಕರೆದು ಬಿಡಿಸಿ ಹೇಳಿದ. ಈಗ ಬಿಟ್ಟರೆ ನಪಾಸು ಅಂತ ದಾಖಲಾಗುವುದಿಲ್ಲ, ಮುಂದಿನ ವರ್ಷ ವಿದ್ಯಾರ್ಥಿವೇತನಕ್ಕೆ ಮತ್ತೆ ಅರ್ಜಿ ಹಾಕಬಹುದು ಅಂದ. ಅವಳು ಅವನ ಮುಖವನ್ನೇ ನೋಡಿದಳು.

"ನಮ್ಮನೇಲಿ ಅರ್ಧಕ್ಕೆ ಬಿಟ್ಟು ಬಂದವರು ಒಬ್ಬರಿದ್ದಾರೆ ಮೇಷ್ಟ್ರೇ. ಸಾಕು," ಅಂದಳು.

ಅವನು ತಂದಿದ್ದ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಪರೀಕ್ಷೆ ಮುಗಿಯಿತು. ತಿದ್ದಿ ನೋಡಿದ, ಮತ್ತೆ ತಿದ್ದಿ ನೋಡಿದ. ಅಂಚಿನ ಲೆಕ್ಕಗಳಿಗೆಲ್ಲ ಧಾರಾಳವಾಗಿ ಕೊಟ್ಟರೂ ಪಾಸಿಗೆ ಆರು ಕಡಿಮೆ. ಅತ್ತ ದರಿ ಇತ್ತ ಪುಲಿ. ದಾಟಿಸಿದರೆ ಮುಳುಗುತ್ತಾಳೆ ಅಂತ ಗೊತ್ತು, ಮುಳುಗಿದವಳು ಕಣ್ಣೆದುರಿಗೇ ಗಲ್ಲಾದ ಹಿಂದೆ ನಿಂತಿದ್ದಾಳೆ. ದಾಟಿಸದಿದ್ದರೆ ದೋಣಿಯೇ ಇಲ್ಲ.

ಮಾರ್ಕು ಕಳಿಸಬೇಕಾದ ಹಿಂದಿನ ಸಂಜೆ ಅವನೂ ಅರ್ಲೀನಳೂ ಜಗಲಿಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಒಳಗೆ ಒಲೆಯ ಮೇಲೆ, ಚಳಿಗಾಲಕ್ಕೆಂದು ಬೀನ್ಸ್ ತುಂಬಿದ ಜಾಡಿಗಳನ್ನು ಬೇಯಿಸುವ ಕುಕ್ಕರ್ ಸೀಟಿ ಹಾಕುತ್ತಿತ್ತು. ಮೊದಲ ಸುತ್ತಿನ ಜಾಡಿಗಳು ಮೇಜಿನ ಮೇಲೆ ಆರುತ್ತಾ, ಒಂದೊಂದರ ಮುಚ್ಚಳ ಟಕ್ ಅಂತ ಒಳಗೆ ಹೀರಿಕೊಂಡು ಕೂರುತ್ತಿತ್ತು. ಲೀಟಾಳ ಹಳೆಯ ಪಿಕಪ್ ಗಾಡಿ ಬಂದು ನಿಂತಿತು. ಅಂಗಡಿಯ ಸಮವಸ್ತ್ರದಲ್ಲೇ ಇಳಿದವಳು ಒಂದು ರಟ್ಟಿನ ಪೆಟ್ಟಿಗೆಯನ್ನು ತೋಳಿನ ತುಂಬ ಹೊತ್ತು ತಂದು ಮೆಟ್ಟಿಲ ಮೇಲೆ ಇಟ್ಟಳು. ಒಳಗೆ ಗಾಜಿನ ಜಾಡಿಗಳು, ಹಸಿರು ಬೀನ್ಸು. ಅಜ್ಜಿಯ ಕುಕ್ಕರಿನಲ್ಲೇ ಮಾಡಿದ್ದು, ಎರಡು ಭಾನುವಾರ ಹಿಡಿಯಿತು ಅಂದಳು.

"ಈಗ ಜಾಡಿಗೆ ಎಷ್ಟು ನಡೀತಿದೆ ಮೇಷ್ಟ್ರೇ? ಎರಡೇನಾ, ಇಲ್ಲಾ ಎಲ್ಲದರ ಹಾಗೆ ಇದರ ಬೆಲೇನೂ ಏರಿದೆಯಾ?"

ಅವನು ನಗಲಿಲ್ಲ. ಅದನ್ನು ಬಿಟ್ಟು ಬಹಳ ವರ್ಷವಾಯಿತು ಅಂದ. ಅರ್ಲೀನ್ ತಲೆಯೆತ್ತದೆ ನಾರು ತೆಗೆಯುತ್ತಲೇ ಇದ್ದಳು.

ಲೀಟಾ ಮೆಟ್ಟಿಲ ಮೇಲೇ ಕೂತಳು. ಟೆಸ್ಸಾಗೆ ಎಷ್ಟು ಕಡಿಮೆ ಬಿದ್ದಿದೆ ಅಂತ ಕೇಳಲಿಲ್ಲ, ಕಡಿಮೆ ಬಿದ್ದಿದೆ ಅಂತ ಅವಳಿಗೆ ತಂಗಿಯ ಮುಖದಿಂದಲೇ ತಿಳಿದಿತ್ತು. "ನನ್ನ ವಿಷಯ ಬಿಡಿ," ಅಂದಳು. "ನಾನು ಇಲ್ಲಿ ಪಾಸಾದೆ, ಅಲ್ಲಿ ಆಗ್ಲಿಲ್ಲ. ಅದು ನನ್ನ ತಲೆಯ ದೋಷ. ಟೆಸ್ಸಾ ಹಂಗಲ್ಲ ಮೇಷ್ಟ್ರೇ. ಅವಳನ್ನ ಒಂದು ಸಲ ಬೆಟ್ಟ ದಾಟಿಸಿಬಿಡಿ, ಆಮೇಲೆ ಅವಳೇ ನೋಡ್ಕೋತಾಳೆ."

"ನೀನು ಇಲ್ಲಿ ಪಾಸಾಗಿರ್ಲಿಲ್ಲ, ಲೀಟಾ."

ಅರ್ಲೀನಳ ಕೈ ನಿಂತಿತು.

ಅವನು ಹೇಳಿದ. ಹತ್ತು ಮಾರ್ಕು ಕಡಿಮೆಯಿದ್ದದ್ದು, ಜಾಡಿ ಕೂಡಿಸಿದ್ದು, ಎರಡು ಅಧ್ಯಾಯ ತಪ್ಪಿದ್ದು, ಅಲ್ಲಿ ಪ್ರೊಫೆಸರು ಬರೆದದ್ದು ಆ ಎರಡು ಅಧ್ಯಾಯವೇ ಅಂತ, ಎಲ್ಲ. ಇಷ್ಟು ವರ್ಷ ಕನ್ನಡಿ ಮುಂದೆ ಹೇಳಿಕೊಂಡಿದ್ದ ಮಾತು, ತಡವರಿಸದೆ ಬಂತು. "ನಿನ್ನ ತಲೇಲಿ ಏನೂ ದೋಷ ಇಲ್ಲಮ್ಮ. ತಪ್ಪು ನಂದು. ನೀನು ದಡ್ಡಿ ಅಲ್ಲ," ಅಂತ ಮುಗಿಸಿ, ಅವಳ ಮುಖ ಹಗುರಾಗುವುದನ್ನು ಕಾದ. ಅರವತ್ತು ದಾಟಿದ ಮನುಷ್ಯ, ಜೀವನವೆಲ್ಲ ಮಕ್ಕಳ ನಡುವೆ ಕಳೆದವನು, ಇಷ್ಟೂ ತಿಳಿಯಲಿಲ್ಲ ಅವನಿಗೆ.

ಲೀಟಾ ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು. ಒಳಗೆ ಇನ್ನೊಂದು ಮುಚ್ಚಳ ಟಕ್ ಅಂತು.

"ಹಂಗಾದ್ರೆ ಅದೂ ನಂದಲ್ಲ," ಅಂದಳು.

ಅವನಿಗೆ ಅರ್ಥವಾಗಲಿಲ್ಲ.

"ಗಲ್ಲಾದಲ್ಲಿ ನಿಂತಾಗ ಎಂತೆಂಥವರೋ ಬರ್ತಾರೆ. ಚಿಲ್ಲರೆ ಎಣಿಸೋಕೂ ಬರಲ್ವೇನೋ ಅನ್ನೋ ಹಂಗೆ ನೋಡ್ತಾರೆ. ಆಗ ನಾನು ಮನಸ್ಸಲ್ಲೇ ಅಂದ್ಕೋತಿದ್ದೆ, ಕಾಲೇಜಿನ ಗಣಿತ ಒಂದು ಸಲ ಪಾಸು ಮಾಡಿದೀನಪ್ಪಾ ನಾನು, ಅಜ್ಜಿ ನೋಡ್ಕೊಂಡು, ಅಡುಗೆ ಮಾಡ್ಕೊಂಡು ಪಾಸು ಮಾಡಿದೀನಿ ಅಂತ. ಇದ್ದಿದ್ದು ಅದೊಂದೇ. ಅದನ್ನೂ ಈಗ ವಾಪಸ್ ತಗೊಂಡ್ರಿ."

"ಲೀಟಾ, ನಾನು ಹೇಳಿದ್ದು ನಿನ್ನ ಒಳ್ಳೇದಕ್ಕೆ..."

"ಎರಡೇ ಅಧ್ಯಾಯ ಅಂದ್ರಲ್ಲ. ಆಗ ಕೂರಿಸ್ಕೊಂಡು ಹೇಳ್ಕೊಡಬಹುದಿತ್ತಲ್ವಾ?"

"ಹೇಳ್ಕೊಡಬಹುದಿತ್ತು."

"ಯಾಕೆ ಹೇಳ್ಕೊಡ್ಲಿಲ್ಲ?"

ಮೀನು ಹಿಡಿಯಲು ಹೋಗಿದ್ದೆ ಅಂತ ಒಬ್ಬ ಮನುಷ್ಯ ಹೇಗೆ ಹೇಳಬೇಕು? ಅವನು ಬುಟ್ಟಿಯಿಂದ ಇನ್ನೊಂದು ಬೀನ್ಸ್ ಎತ್ತಿಕೊಂಡ. ಈಗಲೂ ಬಾ, ಹೇಳಿಕೊಡುತ್ತೇನೆ ಅಂತ ಗೊಣಗಿದ.  ಲೀಟಾ ಎದ್ದು, ಪ್ಯಾಂಟಿನ ಧೂಳು ಒರೆಸಿಕೊಂಡಳು.

"ಟೆಸ್ಸಾಗೆ ಏನು ಬಂದಿದೆಯೋ ಅದನ್ನೇ ಬರೀರಿ. ಅವಳೂ ನನ್ನ ಹಂಗೆ ಆಗೋದು ಬೇಡ," ಅಂದಳು. "ಒಂದು ಮಾತು ಕೊಡಿ. ನಾನು ಪಾಸಾಗಿರ್ಲಿಲ್ಲ ಅಂತ ಅವಳಿಗೆ ಹೇಳಬಾರದು. ಯಾರಿಗೂ ಹೇಳಬಾರದು. ಅಕ್ಕ ಪಾಸು ಮಾಡಿದ್ದಾಳೆ, ನಾನೂ ಮಾಡ್ತೀನಿ ಅಂತಲೇ ಅವಳು ಸೇರಿದ್ದು."

ಅವನು ಮಾತು ಕೊಟ್ಟ. ಪೆಟ್ಟಿಗೆ ತೆಗೆದುಕೊಂಡು ಹೋಗಮ್ಮ ಅಂದಳು ಅರ್ಲೀನ್, ಮೊದಲ ಸಲ ಬಾಯಿಬಿಟ್ಟು. ಲೀಟಾ ತಲೆಯಾಡಿಸಿದಳು. ಚರ್ಚಿಗೆ ಇರಲಿ, ಮಾರ್ಕಿಗಲ್ಲ, ತಿನ್ನೋರು ತಿನ್ನಲಿ ಅಂದು ಗಾಡಿ ಹತ್ತಿದಳು. ಅದರ ಸದ್ದು ತಿರುವು ದಾಟಿತು.

"ಹೋಗಿ ಹೇಳು ಅಂದಿದ್ದು ನಾನು," ಅಂದಳು ಅರ್ಲೀನ್ ಆಮೇಲೆ. "ಆವತ್ತೇ ಹೇಳು ಅಂದಿದ್ದೆ. ಆಗ ಅವಳಿಗೆ ಇನ್ನೂ ಹದಿನೆಂಟು, ಮತ್ತೆ ಓದಬಹುದಿತ್ತು."

ಮರುದಿನ ಅವನು ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದ. ವಿದ್ಯಾರ್ಥಿವೇತನ ಹೋಯಿತು. ಆ ಪಾಠಕ್ಕೆ ಮತ್ತೆ ಕೂರಲು ಟೆಸ್ಸಾ ಮುಂದಿನ ವರ್ಷದ ತನಕ ಕಾಯಲಿಲ್ಲ, ಅಂಥ ಹುಡುಗಿಯೇ ಅಲ್ಲ. ಶರತ್ಕಾಲಕ್ಕೆ ಮುಂಚೆಯೇ ಚಿಕ್ಕಪ್ಪನ ಮಗಳ ಜೊತೆ ಪಕ್ಕದ ರಾಜ್ಯ ಓಹಾಯೊದ ಒಂದು ಗೋದಾಮಿಗೆ ಕೆಲಸಕ್ಕೆ ಹೋದಳು. ಅಲ್ಲಿ ಹಗಲೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ಅಂಟು ಪಟ್ಟಿ ಸುತ್ತುತ್ತಾಳಂತೆ. ಹೋಗುವ ಮುಂಚೆ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಹೋದಳು, ಅಕ್ಕನನ್ನು ಪಾಸು ಮಾಡಿದ ಮುದುಕ ತನ್ನ ಮೇಲೆ ಯಾವುದೋ ಹಗೆ ತೀರಿಸಿಕೊಂಡ, ಆರೇ ಆರು ಮಾರ್ಕಿಗೆ ಬದುಕು ಹಾಳು ಮಾಡಿದ ಅಂತ.

ಈಗ ಬೀಚ್ ಫೋರ್ಕ್‌ನಲ್ಲಿ ಸ್ಟಿಡಮ್ ಮೇಷ್ಟ್ರನ್ನು ಎಲ್ಲರೂ ಬೈಯುತ್ತಾರೆ. ವಯಸ್ಸಾದ ಮೇಲೆ ನಂಜು ಏರಿದೆ ಅನ್ನುತ್ತಾರೆ, ನಮ್ಮ ಮಕ್ಕಳು ಬೆಟ್ಟ ದಾಟುವುದನ್ನು ಅವನ ಹೊಟ್ಟೆ ಸಹಿಸುವುದಿಲ್ಲ ಅನ್ನುತ್ತಾರೆ. ಅವನ ಬಳಿ ಉತ್ತರವಿದೆ, ಕೊಡುವಂತಿಲ್ಲ. ತನ್ನನ್ನು ಉಳಿಸಿಕೊಳ್ಳಬೇಕಾದರೆ ಲೀಟಾಳನ್ನು ಬೀದಿಯಲ್ಲಿ ನಿಲ್ಲಿಸಬೇಕು. ಪ್ರತಿ ಶನಿವಾರ ಬೆಳಿಗ್ಗೆ ಶಾಖೆಯ ಬಾಗಿಲು ತೆಗೆದು ಕೂರುತ್ತಾನೆ, ಗಣಿತ ಬಾರದವರು ಯಾರು ಬೇಕಾದರೂ ಬನ್ನಿ, ಪುಕ್ಕಟೆ ಹೇಳಿಕೊಡುತ್ತೇನೆ ಅಂತ ಹೊರಗೆ ಫಲಕ ಹಾಕಿದ್ದಾನೆ. ಒಬ್ಬರೂ ಬರುವುದಿಲ್ಲ. ನಪಾಸು ಮಾಡುವವನ ಹತ್ತಿರ ಯಾರು ಹೋಗುತ್ತಾರೆ? ಮಧ್ಯಾಹ್ನದ ತನಕ ಖಾಲಿ ಬೆಂಚುಗಳ ಮುಂದೆ ಕೂತು, ಹಲಗೆ ಒರೆಸಿ, ಬಾಗಿಲು ಹಾಕಿಕೊಂಡು ಬರುತ್ತಾನೆ.

ಹಾಲು ಮಾತ್ರ ಕೊಳ್ಳಲೇಬೇಕು. ಹೋದ ವಾರ ಅವನ ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಅವನಿಗೆ ಕೇಳಲೆಂದೇ ಪಕ್ಕದವಳಿಗೆ ಹೇಳಿದಳು, ಕೆಲವರಿಗೆ ಊರ ಮಕ್ಕಳು ಉದ್ಧಾರವಾದರೆ ನಿದ್ದೆ ಬರಲ್ಲ ಕಣೇ, ಅಂತ. ಪಕ್ಕದವಳು ಹೂಂಗುಟ್ಟಿದಳು. ಗಲ್ಲಾದ ಹಿಂದೆ ಲೀಟಾ ನಿಂತಿದ್ದಳು, ಅವಳಿಗೂ ಕೇಳಿಸಿತು. ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದ. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಹಾಲಿನ ಡಬ್ಬವನ್ನು ಬೆಲೆ ಓದುವ ಯಂತ್ರದ ಮುಂದೆ ತೋರಿಸಿ, ದುಡ್ಡು ತೆಗೆದುಕೊಂಡು, ಚಿಲ್ಲರೆಯನ್ನು ಅವನ ಅಂಗೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಆಮೇಲೆ ಹೆದ್ದಾರಿಯಲ್ಲಿ ಹಾದುಹೋಗುವ ಗುರುತಿಲ್ಲದ ಜನರನ್ನು ಕೇಳುವಂತೆ ಕೇಳಿದಳು.

"ಚೀಲ ಬೇಕಾ, ಸರ್?"